ಚೀಟಿಯಲ್ಲಿ ಇಲ್ಲದ ಹಾಡು

ನನ್ನ ಜ್ಞಾಪಕಶಕ್ತಿಯ ಮೇಲೆ ನನಗೆ ನಂಬಿಕೆ ಇಲ್ಲ. ದೇವರ ಮೇಲೆ ನಂಬಿಕೆ ಇದೆಯೇ ಎಂದು ಕೇಳಿದರೆ ವಾರಕ್ಕೊಂದು ಉತ್ತರ ಕೊಡುತ್ತೇನೆ. ಜ್ಞಾಪಕದ ವಿಷಯದಲ್ಲಿ ಮಾತ್ರ ನನ್ನ ಉತ್ತರ ಎಂದೂ ಬದಲಾಗಿಲ್ಲ. ಗ್ಯಾಸ್ ಬುಕ್ ಮಾಡಿದ ದಿನ, ಚಪ್ಪಲಿ ಹೊಲಿಯಲು ಕೊಟ್ಟ ಅಂಗಡಿ, ಭಾವಮೈದುನನ ಮಕ್ಕಳ ಹೆಸರು, ಎಲ್ಲವನ್ನೂ ಚೀಟಿಯಲ್ಲಿ ಬರೆದಿಡುತ್ತೇನೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು ಹೀಗಿರಬಹುದೇ ಎಂದು ನೀವು ಕೇಳಬಹುದು. ಯಾವುದನ್ನೂ ಖಚಿತವಾಗಿ ಹೇಳಲಾಗದವರಿಗೆಂದೇ ಆ ಶಾಸ್ತ್ರ ಹುಟ್ಟಿದ್ದು ಎಂಬುದು ನನ್ನ ಸಮಜಾಯಿಷಿ. ಆದ್ದರಿಂದ ಈಗ ಹೇಳಲಿರುವುದು ತೊಂಬತ್ತೇಳರಲ್ಲಿ ನಡೆದದ್ದೋ ತೊಂಬತ್ತೆಂಟರಲ್ಲೋ ಎಂದು ಪಟ್ಟು ಹಿಡಿಯಬೇಡಿ. ನನ್ನ ಹೆಂಡತಿ ಸುಗುಣಾ ತೊಂಬತ್ತಾರು ಅನ್ನುತ್ತಾಳೆ. ಅದೇ ಇರಬಹುದು.

ಆಗ ನಾವು ಮರಾಠಿ ಸೀಮೆಯಲ್ಲಿ, ಕೋಥರೂಡಿನಲ್ಲಿದ್ದೆವು. ಭಾನುವಾರ ಬೆಳಿಗ್ಗೆ ಸುಗುಣಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರಿನ ಇನ್ನೊಂದು ತುದಿಯ ಖಡಕಿಗೆ ಹೋಗುತ್ತಿದ್ದೆ. ಅಲ್ಲಿ ಒಂದು ಹಳೆಯ ಹಾಲಿನಲ್ಲಿ ಮರಾಠಿಯವರು ಆರಾಧನೆ ಮುಗಿಸಿ ಎದ್ದಮೇಲೆ ಅವರು ಬಿಟ್ಟ ಬೆಚ್ಚಗಿನ ಬೆಂಚುಗಳ ಮೇಲೆ ನಮ್ಮ ಕನ್ನಡ ಕ್ರೈಸ್ತ ಸಭೆ ಕೂರುತ್ತಿತ್ತು. ಗದಗ, ಬೆಟಗೇರಿ, ವಿಜಾಪುರದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆನಿಂತ ಅರವತ್ತು ಎಪ್ಪತ್ತು ಜನ. ಸುಗುಣಾ ಧಾರವಾಡದವಳು, ನಾನು ಮೈಸೂರಿನವನು. ಅವಳು ಹೋಗುತ್ತಿದ್ದದ್ದು ದೇವರಿಗಾಗಿ; ನಾನು ಸುಗುಣಾಳಿಗಾಗಿ ಮತ್ತು ಅಲ್ಲಿದ್ದ ಹಾರ್ಮೋನಿಯಂಗಾಗಿ. ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ವಾದ ಮಾಡಿ ಮಾಡಿ ಅಪ್ಪ ಕಲಿಸಿದ ಪ್ರಾರ್ಥನೆಗಳನ್ನೆಲ್ಲ ಕಳೆದುಕೊಂಡಿದ್ದೆ. ಅಪ್ಪ ಕಲಿಸಿದ ಹಾರ್ಮೋನಿಯಂ ಮಾತ್ರ ಬೆರಳು ಬಿಟ್ಟು ಹೋಗಲಿಲ್ಲ.

ಸಭೆಯಲ್ಲಿ ಹಾಡು ನಡೆಸುತ್ತಿದ್ದವರು ಆನಂದಪ್ಪ ಮಾಸ್ತರ್. ಯಾವ ಹಾಡು ಎಂದು ಅವರು ಎಂದೂ ಹೇಳಿದವರಲ್ಲ. ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಪಲ್ಲವಿಯ ಮೊದಲ ಸಾಲು ನುಡಿಸುತ್ತಿದ್ದರು; ಅಷ್ಟರಲ್ಲಿ ಜನ ಗುರುತು ಹಿಡಿದು ಎತ್ತಿಕೊಂಡುಬಿಡುತ್ತಿದ್ದರು. ಎತ್ತಿಕೊಂಡ ಮೇಲೆ ನಮ್ಮ ಸಭೆಯನ್ನು ನಿಲ್ಲಿಸುವುದು ಘಾಟಿನಲ್ಲಿ ಇಳಿಯುತ್ತಿರುವ ಕಬ್ಬಿನ ಲಾರಿಗೆ ಅಡ್ಡ ನಿಂತ ಹಾಗೆ. ಯಾವ ಹಾಡು, ಎಷ್ಟು ಸಲ, ಎಲ್ಲ ಮಾಸ್ತರರಿಗೆ ಆ ಗಳಿಗೆಯಲ್ಲಿ ಆಗುವ ಪ್ರೇರಣೆ. ಒಮ್ಮೆ ಒಂದೇ ಪಲ್ಲವಿಯನ್ನು ಒಂಬತ್ತು ಸಲ ನುಡಿಸಿದರು. ಎಣಿಸುವುದು ನನ್ನ ಚಟ. ಹೊರಗೆ ಬಂದಮೇಲೆ ಕೇಳಿದೆ, “ಒಂಬತ್ತು ಸಲ ಯಾಕೆ ಮಾಸ್ತರ್?”

“ಎಂಟನೇದಕ್ಕ ಇನ್ನೂ ಮುಗಿದಿರಲಿಲ್ರಿ.”

“ಏನು ಮುಗಿದಿರಲಿಲ್ಲ?”

“ಅದು ಗೊತ್ತಿದ್ರ ಏಳಕ್ಕ ನಿಲ್ಲಸ್ತಿದ್ದೆ.”

ಇಂಥವರ ಜೊತೆ ವಾದ ಮಾಡಲು ವಿಶ್ವವಿದ್ಯಾಲಯ ನನಗೆ ಕಲಿಸಿರಲಿಲ್ಲ. ಅಷ್ಟರಲ್ಲಿ ಮಾಸ್ತರರಿಗೆ ಕಣ್ಣಿನ ಪೊರೆಯ ಆಪರೇಶನ್ ನಿಕ್ಕಿಯಾಯಿತು. ಅವರನ್ನು ಬಿಟ್ಟರೆ ಸಭೆಯಲ್ಲಿ ಪೆಟ್ಟಿಗೆ ನುಡಿಸಬಲ್ಲವನು ನಾನೊಬ್ಬನೇ. ಮಾಸ್ತರ್ ಮನೆಗೆ ಕರೆಸಿ ಹೇಳಿದರು, “ಚೀಟಿ ಬರಕೊಂಡು ಹೋಗಬ್ಯಾಡ್ರಿ ಸರ. ಒಳಗಿಂದ ಏನು ಬರ್ತದ, ಅದನ್ನ ನುಡಸ್ರಿ.”

“ಒಳಗಿನಿಂದ ಏನೂ ಬರದಿದ್ದರೆ?”

“ಸುಮ್ನ ಕೂಡ್ರಿ. ಜನಕ್ಕೂ ಒಂದೀಟು ಆರಾಮ.”

ನಾನು ಚೀಟಿ ಬರೆದುಕೊಂಡೇ ಹೋದೆ. ಮೂರು ಭಾನುವಾರ ಏನೂ ತೊಂದರೆಯಾಗಲಿಲ್ಲ. ನಾಲ್ಕನೆಯ ಭಾನುವಾರ, ಹಿಂದಿನ ದಿನವಷ್ಟೇ ಮದುವೆಯಾಗಿದ್ದ ಜೋಡಿಯೊಂದನ್ನು ಮುಂದೆ ನಿಲ್ಲಿಸಿ ಸಭೆಯ ಪಾದ್ರಿ ಅಯ್ಯನವರು ಆಶೀರ್ವಾದದ ಪ್ರಾರ್ಥನೆ ಮಾಡಿದರು. ಅದಾದಮೇಲೆ ಒಂದು ಉಲ್ಲಾಸದ ಹಾಡು ಎಂದು ಚೀಟಿಯಲ್ಲಿತ್ತು. ಚೀಟಿ ನೋಡಿದೆ, ಹಾಡು ನಡೆಸುವವರು ಹೀಗೆ ಮಾಡುತ್ತಾರಲ್ಲ ಎಂದು ಕಣ್ಣು ಮುಚ್ಚಿದೆ, ನುಡಿಸಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ತಪ್ಪು ತಿಳಿಯಿತು. ಬೆರಳು ಹಿಡಿದಿದ್ದ ಹಾಡು ನಮ್ಮಲ್ಲಿ ಸತ್ತವರ ಕುಣಿಗೆ ಮಣ್ಣು ಹಾಕುವಾಗ ಹಾಡುವಂಥದು. ಕಣ್ಣು ಬಿಟ್ಟರೆ ಜನ ಆಗಲೇ ಎತ್ತಿಕೊಂಡಿದ್ದರು. ಹೊಸ ಮದುಮಗಳೂ ತಲೆ ತಗ್ಗಿಸಿ ವಿಧೇಯಳಾಗಿ ಹಾಡುತ್ತಿದ್ದಳು. ಸೋಲಾಪುರದಿಂದ ಬಂದಿದ್ದ ಮದುಮಗನ ತಾಯಿ ನನ್ನನ್ನೇ ನೋಡುತ್ತಿದ್ದರು. ಆ ನೋಟಕ್ಕೆ ಹೆದರಿ ಒಂದು ಚರಣವನ್ನೇ ಹಾರಿಸಿ ಹೇಗೋ ದಡ ಸೇರಿಸಲು ನೋಡಿದೆ.

ಆಗ ಹೆಂಗಸರ ಕಡೆಯಿಂದ ಒಂದು ಒಡಕು ದನಿ ಎಲ್ಲರಿಗಿಂತ ಮೇಲೆ ಕೇಳಿಸಿತು. ರತ್ನಮ್ಮನದು. ಹಿಂದಿನ ಮಳೆಗಾಲದಲ್ಲಿ ಅವರ ಗಂಡ ಪ್ರಭಾಕರಪ್ಪ ತೀರಿಕೊಂಡಿದ್ದರು. ಅಂದಿನಿಂದ ರತ್ನಮ್ಮ ಒಂದು ಭಾನುವಾರವೂ ತಪ್ಪಿಸದೆ ಬರುತ್ತಿದ್ದರು, ಹಾಡಿನ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟು ಕೂರುತ್ತಿದ್ದರು, ತುಟಿ ಬಿಚ್ಚುತ್ತಿರಲಿಲ್ಲ. ಈಗ ಹಾಡುತ್ತಿದ್ದರು, ಕಣ್ಣೊರೆಸಿಕೊಳ್ಳುವ ಗೊಡವೆಗೂ ಹೋಗದೆ.

ಆರಾಧನೆ ಮುಗಿದಮೇಲೆ ಮದುಮಗನ ತಾಯಿ ಮೊದಲು ಬಂದರು. “ಏನ್ರಿ ಸರ, ನನ್ನ ಮಗನ್ನ ಸಂಸಾರಕ್ಕ ಹಚ್ಚಿದ್ರೋ, ಕುಣಿಯೊಳಗ ಇಳಿಸಿದ್ರೋ?” ಉಳಿದವರು ಅವರನ್ನು ಪಕ್ಕಕ್ಕೆ ಸರಿಸಿದರು. ಇದು ಮನುಷ್ಯನ ಕೆಲಸವಲ್ಲ, ಪವಿತ್ರಾತ್ಮನ ನಡೆಸುವಿಕೆ ಎಂದು ಅಯ್ಯನವರು ನನ್ನ ಹೆಗಲ ಮೇಲೆ ಕೈಯಿಟ್ಟರು. ರತ್ನಮ್ಮ ನನ್ನ ಎರಡೂ ಕೈ ಹಿಡಿದು ಒತ್ತಿ ಹೋದರು.

ಬಯ್ಗುಳವನ್ನು ತಡೆದುಕೊಳ್ಳಬಲ್ಲೆ, ಸಲ್ಲದ ಹೊಗಳಿಕೆ ನನಗೆ ಅಜೀರ್ಣ. ಹೋಗುವಾಗ ಸ್ಕೂಟರಿನ ಮೇಲೇ ಸುಗುಣಾಳಿಗೆ ಹೇಳಿದೆ, ರತ್ನಮ್ಮನಿಗೆ ನಿಜ ಹೇಳಿಬಿಡುತ್ತೇನೆ ಎಂದು.

“ಹೇಳಿ ಏನ ಮಾಡ್ತೀರಿ? ಇಷ್ಟ ದಿನದ ಮ್ಯಾಲೆ ಆಕಿ ಬಾಯಿ ಬಿಚ್ಯಾಳ. ಮತ್ತ ಮುಚ್ಚಸ್ತೀರೇನು?”

“ಸುಳ್ಳಿನ ಮೇಲೆ ಹಾಡಬೇಕಾ ಅವರು?”

“ನೀವೇನ ಸುಳ್ಳ ಹೇಳೀರಿ? ಬರೇ ತಪ್ಪ ನುಡಿಸೀರಿ.”

ನಾಲ್ಕು ದಿನ ತಡೆದೆ. ಪಾಠ ಮಾಡುವಾಗಲೂ ಆ ಎರಡು ಕೈ ನನ್ನ ಕೈ ಹಿಡಿದ ಹಾಗೇ ಅನ್ನಿಸುತ್ತಿತ್ತು. ಗುರುವಾರ ಸಂಜೆ ಸುಗುಣಾಳನ್ನೂ ಕರೆದುಕೊಂಡು ಖಡಕಿಗೆ ರತ್ನಮ್ಮನ ಮನೆಗೆ ಹೋದೆ. ಅವರು ಚಹಾ ಕೊಟ್ಟರು. ನಾನು ಗುಟುಕರಿಸುವ ಮೊದಲೇ ಹೇಳಿದೆ, “ಆವತ್ತು ನಾನು ಬೇರೆ ಹಾಡು ನುಡಿಸಬೇಕಾಗಿತ್ತು ರತ್ನಮ್ಮ. ಮರೆತೆ. ಬೆರಳು ತಪ್ಪಿತು. ನನಗೆ ಯಾವ ಪ್ರೇರಣೆಯೂ ಆಗಿರಲಿಲ್ಲ.”

ಸುಗುಣಾ ಗೋಡೆ ನೋಡತೊಡಗಿದಳು. ರತ್ನಮ್ಮ ಕೇಳಿದರು, “ಮರತ್ರಿ? ಮತ್ತ ಇಲ್ಲಿ ಬಂದು ನುಡಿಸಿದ್ದು?”

“ಇಲ್ಲಿ ಎಲ್ಲಿ?”

“ಆ ಕೋಣ್ಯಾಗ. ನಮ್ಮ ಮನಿಯವರು ಹಾಸಿಗಿ ಹಿಡದಾಗ ಮಾಸ್ತರ್ ಜೋಡಿ ಬಂದಿದ್ರಿ. ಇದ ಹಾಡು ನುಡಸ್ರಿ ಅಂತ ಅವರ ಕೇಳಿದ್ರು. ಆವತ್ತೂ ಗಡಿಬಿಡಿಯೊಳಗ ಮೂರನೇ ಚರಣ ಬಿಟ್ರಿ. ಸರ್‌ಗ ಮನಿಗೆ ಹೋಗೂ ಅವಸರ ಅದ ಅಂತ ಅವರು ಭಾಳ ನಕ್ಕರು. ಆಮ್ಯಾಲೆ ಅವರು ನಕ್ಕಿದ್ದು ನಾ ನೋಡ್ಲಿಲ್ಲ.”

ನಾನು ಸುಗುಣಾಳ ಕಡೆ ನೋಡಿದೆ. ಅವಳು ಹೌದೆಂದು ತಲೆಯಾಡಿಸಿದಳು. ನನಗೆ ಆ ಕೋಣೆ ನೆನಪಿಲ್ಲ, ಪ್ರಭಾಕರಪ್ಪನವರ ನಗುವೂ ನೆನಪಿಲ್ಲ. ಎಲ್ಲೋ ಶುಂಠಿ ಜಾಸ್ತಿಯಾದ ಚಹಾ ಕುಡಿದದ್ದೊಂದು ನೆನಪಿತ್ತು. ಕೈಯಲ್ಲಿದ್ದ ಕಪ್ಪಿನಿಂದ ಒಂದು ಗುಟುಕು ಕುಡಿದೆ. ಅದೇ ಶುಂಠಿ.

“ಮೊನ್ನೆನೂ ಮೂರನೇದ ಬಿಟ್ರಿ,” ಎಂದರು ರತ್ನಮ್ಮ. “ಅವಾಗ ನನಗ ಗೊತ್ತಾತು, ಅವರನ್ನ ನೆನಸವರು ನಾ ಒಬ್ಬಾಕಿನ ಅಲ್ಲ ಅಂತ. ಈಗ ನೀವು ಬಂದು ಮರತೆ ಅಂತೀರಿ.”

ಮರೆತದ್ದು ಯಾವುದು, ನೆನಪಾದದ್ದು ಯಾವುದು ಎಂದು ವಿಂಗಡಿಸುವ ಸೂತ್ರ ನನ್ನ ಶಾಸ್ತ್ರದಲ್ಲಿ ಇರಲಿಲ್ಲ. “ಇನ್ನು ಮುಂದೆ ಹಾಡುತ್ತೀರಾ?” ಎಂದಷ್ಟೇ ಕೇಳಿದೆ.

“ಮೂರನೇದು ನುಡಿಸಿದ್ರ ಹಾಡ್ತೀನಿ.”

ಮುಂದಿನ ಭಾನುವಾರಕ್ಕೆ ಚೀಟಿಯಲ್ಲಿ ‘ಮೂರನೇ ಚರಣ’ ಎಂದು ದಪ್ಪಗೆ ಬರೆದು ಕೆಳಗೆ ಎರಡು ಗೆರೆ ಎಳೆದೆ. ಪೆಟ್ಟಿಗೆಯ ಮುಂದೆ ಕೂತು ಜೇಬಿಗೆ ಕೈಹಾಕಿದಾಗ ಗೊತ್ತಾಯಿತು, ಚೀಟಿ ಇನ್ನೊಂದು ಅಂಗಿಯಲ್ಲಿತ್ತು. ಆ ಹಾಡನ್ನೇ ಮೊದಲು ನುಡಿಸಿದೆ. ಎರಡನೆಯ ಚರಣ ಮುಗಿದು ನಾನು ತಡವರಿಸುವಷ್ಟರಲ್ಲಿ ರತ್ನಮ್ಮ ಮೂರನೆಯದನ್ನು ತಾವೇ ಎತ್ತಿಕೊಂಡರು. ನಾನು ಪೆಟ್ಟಿಗೆಯಲ್ಲಿ ಅವರನ್ನು ಹಿಂಬಾಲಿಸಿದೆ. ಆಮೇಲೆ ಪಲ್ಲವಿ. ಅವರು ಇನ್ನೂ ಹಾಡುತ್ತಿದ್ದರು, ಇನ್ನೊಂದು ಸಲ ನುಡಿಸಿದೆ, ಆಗಲೂ ಹಾಡುತ್ತಿದ್ದರು.

ಮನೆಗೆ ಹೋಗುವಾಗ ಸುಗುಣಾ ಹಿಂದಿನಿಂದ ಹೇಳಿದಳು, “ಹನ್ನೊಂದು ಸಲ ನುಡಿಸಿದ್ರಿ ಪಲ್ಲವಿ.”

“ಇರಲಾರದು. ನಾಲ್ಕೋ ಐದೋ.”

“ನಾ ಎಣಿಸೀನಿ.”

ನಾನು ಎಣಿಸಿರಲಿಲ್ಲ.