ಕೆರೆಯೊಳಗಿನ ಅರ್ಧ ಸಂಕ

ಕೆರೆಯ ಕೆಸರಿನಲ್ಲಿ ಕೊಡದ ಸಮೇತ ಜಾರಿಬಿದ್ದ ಸಿಟ್ಟಿಗೆ ಹುಚ್ಚರಾಯಪ್ಪನ ಹೆಂಡತಿ ನೀಲಾಂಬಿಕ ಶಿಕಾರಿಪುರದ ತವರಿಗೆ ಹೋಗಿ ಕೂತಿದ್ದಳು. ಕಾಲಿಗೆ ಕೆಸರು ತಾಗದೆ ನೀರು ತುಂಬುವಂತಾದರೆ ಮಾತ್ರ ಬರುತ್ತೇನೆಂಬುದು ಅವಳ ಕರಾರು. ಹೊಸ ಪೈಸೆ ಬಂದ ಮರುವರ್ಷದ ಮಾತಿದು. ಸೊರಬದ ಕಡೆಯ ಆ ಹಳ್ಳಿಯಲ್ಲಿ ಕೆರೆಗೆ ಹಿತ್ತಿಲು ತಾಗಿದ ಮನೆ ಇವನದೊಂದೇ. ತಾನೇ ಬೇಯಿಸಿದ ಅನ್ನ ತಿಂದು ಸೋತ ಹುಚ್ಚರಾಯಪ್ಪ ನೀರಿನೊಳಗೆ ಗೂಟ ನೆಟ್ಟು, ಹಲಗೆ ಬಡಿದು, ಆಚೆ ದಡ ಮುಟ್ಟದ ಅರ್ಧ ಸಂಕವೊಂದನ್ನು ಕಟ್ಟಿ, ಸಂಜೆ ಬಸ್ಸಿಗೆ ಬಾ ಎಂದು ಹೇಳಿಕಳಿಸಿದ.

ಅವಳು ಬರುವ ದಿನ ಬೆಳಿಗ್ಗೆಯೇ ನೆರೆಯ ಗುತ್ಯಪ್ಪ ಬಂದ. ಊರಿನವರೆಲ್ಲರ ಒಳಿತಿನ ಚಿಂತೆಯನ್ನು ಯಾರೂ ಕೇಳದಿದ್ದರೂ ಹೊತ್ತು ತಿರುಗುವ ಮಹಾನುಭಾವ ಅವನು.

"ಹಿತ್ಲು ನಿಂದು ಕಣೋ, ನೀರು ಸರ್ಕಾರದ್ದು. ನೀರೊಳಗೆ ಗೂಟ ಕಂಡ್ರೆ ಕಂದಾಯದ ಶೇಕದಾರ್ರು ಕೇಸ್ ಹಾಕ್ತಾರೆ. ಇವತ್ತೇ ಬರ್ತಾರಂತೆ."

ಹುಚ್ಚರಾಯಪ್ಪ ಗೂಟ ಕೀಳಲು ಕೆರೆಗೆ ಇಳಿದೇಬಿಟ್ಟ. ಗುತ್ಯಪ್ಪ ಬಹಳ ಹೊತ್ತು ತಲೆ ಕೆರೆದುಕೊಂಡು, ಗೂಟ ಕೀಳುವ ಬದಲು ನೀರನ್ನೇ ಹಿಂದೆ ಸರಿಸಿದರೆ ಹೇಗೆ ಎಂದ. ಮಳೆ ಬಂದರೆ ನೀರು ತಾನಾಗಿ ವಾಪಸ್ಸು ಬರುತ್ತದೆ ಎಂದು ಸಮಾಧಾನವನ್ನೂ ಹೇಳಿದ.

ಕೆರೆಯಂಚಿನ ಮನೆಯವರು ಹೂಂ ಅನ್ನದೆ, ಕೆರೆ ನೀರು ಬಿಡುವ ನೀರಗಂಟಿ ತೂಬು ಎತ್ತುವಂತಿಲ್ಲ ಎಂಬುದು ಆ ಊರಿನ ಪದ್ಧತಿ. ನೀರು ದೂರ ಸರಿದರೆ ಹೆಂಡತಿಯೂ ದೂರ ಸರಿದಾಳೆಂದು ತಿಂಗಳಿಂದ ಹೂಂ ಅನ್ನದೆ ಕೂತಿದ್ದವನು ಈಗ ಕೇಸಿನ ಭಯಕ್ಕೆ ತಾನೇ ಓಡಿಹೋಗಿ ನೀರಗಂಟಿ ಹುಲಿಯಪ್ಪನ ಕೈಹಿಡಿದು ಬೇಡಿಕೊಂಡ. ಇವನಿಗೆ ಜ್ವರಗಿರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿಯೇ ಹುಲಿಯಪ್ಪ ತೂಬು ಎತ್ತಿದ್ದು. ಮೊದಲೇ ತೆಳ್ಳಗಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಕೆರೆಯ ನಡುವಿಗೆ ಸೇರಿತು. ಸಂಕದ ಗೂಟಗಳು ಪಂಚೆ ಎತ್ತಿಕಟ್ಟಿದವರ ಕಾಲಿನಂತೆ ಕೆಸರಿನಲ್ಲಿ ನಿಂತವು.

ಶೇಕದಾರರು ಬಂದರು. ಸಂಕವನ್ನೂ, ದೂರದ ನೀರನ್ನೂ ನೋಡಿದರು.

"ನೀರು ಮುಟ್ಟೋ ಸಂಕಕ್ಕೆ ನಾವು ಬೇಡ ಅನ್ನಲ್ಲ ಮಾರಾಯ, ದನಕ್ಕೆ ದಾರಿ ಬಿಟ್ರೆ ಸಾಕು. ಒಣಗಿದ ಕೆರೆ ಅಂಗಳದಲ್ಲಿ ನಿಂತ್ರೆ ಮಾತ್ರ ಅದು ಒತ್ತುವರಿ. ಸಂಜೆ ಒಳಗೆ ಕಿತ್ತುಹಾಕು."

ಹುಚ್ಚರಾಯಪ್ಪ ಗುತ್ಯಪ್ಪನಿಗಾಗಿ ಸುತ್ತ ನೋಡಿದ. ಅವನು ಏರಿಯ ಕೆಳಗೆ, ತಿಂಗಳಿಂದ ನೀರಿಲ್ಲದೆ ಬಾಯಿಬಿಟ್ಟಿದ್ದ ತನ್ನ ಗದ್ದೆಯಲ್ಲಿ, ಗುದ್ದಲಿ ಹಿಡಿದು ಮಡಿಯಿಂದ ಮಡಿಗೆ ನೀರು ತಿರುಗಿಸುವುದರಲ್ಲಿ ಮುಳುಗಿಹೋಗಿದ್ದ. ಅವನ ಮುಖದಲ್ಲಿ ಊರಿನ ಒಳಿತಿನ ಚಿಂತೆ ಒಂದಿಷ್ಟೂ ಇರಲಿಲ್ಲ.

ಹುಚ್ಚರಾಯಪ್ಪನಿಗೆ ಅಳುವೇ ಬಂತು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕೊನೆಯ ಗೂಟ ಅಲುಗಿಸುತ್ತಿದ್ದಾಗ ಹಿತ್ತಿಲ ಬಾಗಿಲಲ್ಲಿ ನೀಲಾಂಬಿಕ ಬಂದು ನಿಂತಳು. ಗಂಟನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

"ಮೊದ್ಲು ದಡದಾಗೆ ಒಂದಿಷ್ಟು ಕೆಸರಿತ್ತು. ಈಗ ಕೆರೆ ತುಂಬಾ ಮಾಡೀರಿ," ಎಂದಳು. "ಬಂದ ಬಸ್ಸು ತಿರುಗಿ ಹೋಗೋದು ಎಷ್ಟೊತ್ತಿಗ್ರಿ?"