ನಿಮ್ಮದೇ ಅಂದ್ಕೊಳ್ಳಿ

ಇರಾಜನ ಹಿತ್ತಲಿಗೆ ಬೆಳಗಿನ ಬಿಸಿಲು ಬೀಳುವಂತಿದ್ದರೆ ಈ ಕತೆ ನಡೆಯುತ್ತಲೇ ಇರಲಿಲ್ಲ. ಅಮೆರಿಕದ ಮಿಸೂಲಾದಲ್ಲಿ ಅವನ ಬಾಡಿಗೆ ಮನೆಯ ಬೆನ್ನಿಗೇ ಬೆಟ್ಟ. ಹನ್ನೊಂದಾದರೂ ಅದರ ನೆರಳು ಹಿತ್ತಲು ಬಿಟ್ಟು ಕದಲುವುದಿಲ್ಲ. ಸಾಲದ್ದಕ್ಕೆ ಬೆಟ್ಟದಿಂದ ಇಳಿದು ಬರುವ ಜಿಂಕೆಗಳು ಒಣಹಾಕಿದ ಅಂಗಿಯ ತೋಳನ್ನೂ ಬಿಡದೆ ಜಗಿಯುತ್ತವೆ. ಹಾಗಾಗಿ ಅವನು ಸಾಮಾನನ್ನೆಲ್ಲ ಮನೆಯ ಮುಂದಿನ ಹುಲ್ಲಿನ ಮೇಲೆ ಹರಡಿದ. ಅವನು ಮಾಡಿದ ತಪ್ಪು ಅಷ್ಟೇ.

ಹರಡಿದ್ದಾದರೂ ಏಕೆ? ಹೆಂಡತಿಯ ಅಪ್ಪಣೆ. ಆ ಶನಿವಾರ ಬೆಳಿಗ್ಗೆ ಆರಕ್ಕೇ ಶಹ್ಲಾಳ ಫೋನು ಬಂದಿತ್ತು, ವಿಮಾನ ಬದಲಿಸುವ ಯಾವುದೋ ಊರಿನಿಂದ.

“ಇರಾಜ್ ಜಾನ್, ಪೆಟ್ಟಿಗೆಗಳನ್ನ ಬಿಚ್ಚಿದ್ರಾ?” ಅವರ ಭಾಷೆಯಲ್ಲಿ ‘ಜಾನ್’ ಎಂದರೆ ಜೀವ.

“ಬಿಚ್ಚಿ ತಿಂಗಳಾಯ್ತಲ್ಲ.”

“ಬಿಸಿಲಿಗೆ ಹಾಕಿದ್ರಾ?”

ಇರಾಜ್ ಕೆಮ್ಮಿದ.

“ಹಾಕಿಲ್ಲ ಅಂತಾಯ್ತು. ಮೂರು ತಿಂಗಳು ಹಡಗಿನ ಹೊಟ್ಟೇಲಿ ಮುಗ್ಗಿರೋ ಸಾಮಾನು! ಈಗ್ಲೇ ಎಲ್ಲಾ ಹೊರಗೆ ಹಾಕಿ, ಕೊಡವಿ, ಒಣಗಿಸಿ. ಅಮ್ಮನ ರತ್ನಗಂಬಳಿ ಬಾಗಿಲಿಗೇ ಹಾಸಿರಬೇಕು. ನಾನು ಮೊದಲ ಹೆಜ್ಜೆ ಇಡೋದು ಅದರ ಮೇಲೆ. ಇಲ್ಲಾಂದ್ರೆ ಬಂದ ವಿಮಾನದಲ್ಲೇ ವಾಪಸ್.”

ಇದು ತಮಾಷೆಯ ಮಾತಲ್ಲ ಎಂದು ಇರಾಜನಿಗೆ ಗೊತ್ತಿತ್ತು. ಇರಾನಿನ ಇಸ್ಫಹಾನ್ ಬಿಟ್ಟು ಬರಲು ಅವಳು ಮೂರು ವರ್ಷ ಒಪ್ಪಿರಲಿಲ್ಲ. ಕೊನೆಗೆ ಒಪ್ಪಿದ್ದು ಒಂದೇ ಮಾತಿನ ಮೇಲೆ: “ಆ ಗಂಬಳಿ ಎಲ್ಲಿದೆಯೋ ಅದೇ ನನ್ನ ಮನೆ.” ಅವನು ಎಂಟು ತಿಂಗಳು ಮೊದಲೇ ಬಂದು, ಹಲ್ಲುಸೆಟ್ ಮಾಡುವ ಕೆಲಸ ಹಿಡಿದು, ಒಬ್ಬನೇ ಮೊಟ್ಟೆ ಬೇಯಿಸಿಕೊಂಡು ತಿಂದು, ಗೋಡೆಗಳ ಜೊತೆ ಮಾತಾಡಿಕೊಂಡು ಬದುಕಿದ್ದ. ಇನ್ನೊಂದು ಚಳಿಗಾಲವನ್ನು ಒಂಟಿಯಾಗಿ ಕಳೆಯುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ಒಂಬತ್ತರ ಹೊತ್ತಿಗೆ ರಜಾಯಿ, ಹಿತ್ತಾಳೆ ತಟ್ಟೆ, ಚಹಾ ಲೋಟಗಳು, ಗೋಡೆದೀಪ, ಚಹಾಕ್ಕೆ ನೀರು ಕಾಯಿಸುವ ಹೊಟ್ಟೆ ಊದಿದ ಸಮೋವರ್ ಎಲ್ಲವೂ ಹುಲ್ಲಿನ ಮೇಲೆ ಸಾಲಾಗಿ ಕೂತವು. ನಡುವೆ ದಾಳಿಂಬೆ ಬಣ್ಣದ ರತ್ನಗಂಬಳಿ. ಜೂನ್ ತಿಂಗಳ ಶನಿವಾರ ಮನೆಯ ಮುಂದೆ ಹೀಗೆ ಸಾಮಾನು ಹರಡಿದರೆ ಆ ಊರಿನಲ್ಲಿ ಅದಕ್ಕೆ ಒಂದೇ ಅರ್ಥ: ಮನೆಯವರು ಹಳೇ ಸಾಮಾನು ಮಾರುತ್ತಿದ್ದಾರೆ. ಇರಾಜ್ ಬಂದಿದ್ದು ನವೆಂಬರಿನಲ್ಲಿ. ಹಿಮದ ಗುಡ್ಡೆ ಬಿಟ್ಟರೆ ಯಾರ ಮನೆಯ ಮುಂದೆಯೂ ಅವನು ಏನನ್ನೂ ಕಂಡವನಲ್ಲ.

ಮೊದಲು ಬಂದವಳು ಎದುರುಮನೆಯ ವರ್ನಾ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಅವಳ ಬಾಯಲ್ಲಿದ್ದ ಹಲ್ಲಿನ ಸಾಲು ಇರಾಜನ ಕೈಕೆಲಸವೇ. ಅವಳು ನಕ್ಕಾಗಲೆಲ್ಲ ಅವನಿಗೆ ತನ್ನ ಕೆಲಸದ ಬಗ್ಗೆ ಸಣ್ಣ ಹೆಮ್ಮೆ.

“ಎಷ್ಟು ಚೆನ್ನಾಗಿದೆ ಇದು! ಕಾಫಿ ಕಾಯ್ಸೋದಾ?” ವರ್ನಾ ಸಮೋವರಿನ ಹೊಟ್ಟೆ ತಟ್ಟಿದಳು. “ಎಷ್ಟಿದಕ್ಕೆ?”

“ನಿಮಗೆ ಬೆಲೆ ಹೇಳೋದಾ ವರ್ನಾ ಖಾನುಮ್! ನಿಮ್ಮ ಕಣ್ಣು ಚೆನ್ನಾಗಿದೆ, ಅದಕ್ಕೆ ಇದೂ ಚೆನ್ನಾಗಿ ಕಾಣ್ಸುತ್ತೆ. ತಗೊಳ್ಳಿ. ನಿಮ್ಮದೇ ಅಂದ್ಕೊಳ್ಳಿ.”

ಇದು ಇಸ್ಫಹಾನಿನ ಉಪಚಾರ. ಯಾರಾದರೂ ನಿಮ್ಮ ವಸ್ತುವನ್ನು ಹೊಗಳಿದರೆ ‘ನಿಮ್ಮದೇ’ ಎನ್ನಬೇಕು. ಅವರು ಬೇಡ ಎನ್ನಬೇಕು. ನೀವು ಬಲವಂತ ಮಾಡಬೇಕು. ಮೂರು ಸಲ ಬೇಡವಾದ ಮೇಲೆ ಇಬ್ಬರೂ ನೆಮ್ಮದಿಯಾಗಿ ಕೂತು ಚಹಾ ಕುಡಿಯಬೇಕು. ಐವತ್ನಾಲ್ಕು ವರ್ಷದಲ್ಲಿ ಇರಾಜ್ ತನ್ನ ಮನೆ, ಗಡಿಯಾರ, ಒಮ್ಮೆ ಕಾಲಲ್ಲಿದ್ದ ಹೊಸ ಬೂಟನ್ನೂ ಹೀಗೆ ದಾನ ಮಾಡಿದ್ದ. ಒಂದು ಚಮಚವೂ ಕಳೆದಿರಲಿಲ್ಲ.

“ನಿಜವಾಗ್ಲೂ?” ಎಂದಳು ವರ್ನಾ.

ಒಂದಾಯಿತು ಎಂದುಕೊಂಡ ಇರಾಜ್. “ನಿಜವಾಗ್ಲೂ.”

“ಮತ್ತೊಂದ್ಸಲ ಯೋಚ್ನೆ ಮಾಡಿ.”

ಎರಡು. “ಯೋಚ್ನೆ ಎಂಥದ್ದು? ನಿಮಗಿಂತ ಹೆಚ್ಚಾ?”

ಮೂರನೆಯದಕ್ಕಾಗಿ ಅವನು ನಗುತ್ತಾ ಕಾದ. ಮೂರನೆಯದು ಬರಲಿಲ್ಲ. ವರ್ನಾ ಸಮೋವರನ್ನು ಕೂಸಿನಂತೆ ಕಂಕುಳಿಗೆ ಏರಿಸಿಕೊಂಡು, “ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ! ಬೀದಿ ತುದೀಲಿ ನಾನೇ ಒಂದು ಬೋರ್ಡು ಹಾಕ್ತೀನಿ, ನಾಲ್ಕು ಜನಕ್ಕೆ ಗೊತ್ತಾಗ್ಲಿ” ಎಂದು ರಸ್ತೆ ದಾಟಿಯೇಬಿಟ್ಟಳು. ಯಾರಿಗೋ ತೋರಿಸಿ ತರುತ್ತಾಳೇನೋ ಎಂದು ಇರಾಜ್ ಸಮಾಧಾನ ಮಾಡಿಕೊಂಡ.

ಸ್ವಲ್ಪ ಹೊತ್ತಿಗೆ ಬೀದಿ ತುದಿಯಲ್ಲಿ ರಟ್ಟಿನ ಬೋರ್ಡು ಎದ್ದಿತು. ಅವನ ಮನೆಯತ್ತ ಬಾಣದ ಗುರುತು, ಮೇಲೆ ದೊಡ್ಡದಾಗಿ ‘ಫ್ರೀ’. ಇರಾಜನಿಗೆ ಆ ಮಾತು ಚೆನ್ನಾಗಿ ಗೊತ್ತಿತ್ತು. ಕೆಲಸದ ಯಜಮಾನ ಪ್ರತಿ ಶುಕ್ರವಾರ ಸಂಜೆ, “ಇರಾಜ್, ನಾಳೆ ಫ್ರೀ ಇದೀಯೇನಪ್ಪಾ?” ಎಂದು ಕೇಳಿ ಶನಿವಾರವೂ ದುಡಿಸುತ್ತಿದ್ದ. ಅಂದರೆ, ಇರಾಜ್ ಇವತ್ತು ಬಿಡುವಾಗಿದ್ದಾನೆ, ಬಂದು ಮಾತಾಡಿಸಿ ಎಂದು ವರ್ನಾ ಊರಿಗೆಲ್ಲ ಸಾರಿದ್ದಾಳೆ! ಎಂಟು ತಿಂಗಳಿಂದ ಕಾರಿನೊಳಗಿನಿಂದ ಕೈಬೀಸಿ ಹೋಗುತ್ತಿದ್ದ ಬೀದಿ ಕೊನೆಗೂ ತನ್ನ ಮನೆಗೆ ಬರುತ್ತದೆ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಯಿತು.

ಜನ ಬಂದೇ ಬಂದರು. ಇರಾಜ್ ಓಡಿ ಓಡಿ ಪಾತ್ರೆಯಲ್ಲಿ ಚಹಾ ಕಾಯಿಸಿ ತಂದ, ಪಿಸ್ತಾ ಹಂಚಿದ. ನಾಯಿ ಹಿಡಿದು ಬಂದ ಹೆಂಗಸು, “ರಜಾಯಿ ಎಷ್ಟು ಮೆತ್ತಗಿದೆ!” ಎಂದಳು. “ನಿಮ್ಮದೇ ಅಂದ್ಕೊಳ್ಳಿ” ಎಂದು ಹೇಳಿ ಅವನು ಸಕ್ಕರೆ ತರಲು ಒಳಗೆ ಹೋದ. ಬರುವಷ್ಟರಲ್ಲಿ ರಜಾಯಿಯೂ ಇಲ್ಲ, ನಾಯಿಯೂ ಇಲ್ಲ. ಸೈಕಲ್ಲಿನಲ್ಲಿ ಬಂದ ದಂಪತಿ ಹಿತ್ತಾಳೆ ತಟ್ಟೆ ಹೊಗಳಿದರು. ಅವನು ಮತ್ತೆ ಒಳಗೆ ಹೋಗಿ ಬಂದರೆ ತಟ್ಟೆ ಹಿಂದಿನ ಚಕ್ರದ ಮೇಲೆ ಕೂತು ಬೀದಿ ತಿರುಗುತ್ತಿತ್ತು. ಅಂಚೆ ಹಂಚುವವಳು ಚಹಾ ಕುಡಿದು, ಲೋಟ ಚೆನ್ನಾಗಿದೆ ಎಂದು ಆರೂ ಲೋಟಗಳನ್ನು ಚೀಲಕ್ಕೆ ಹಾಕಿಕೊಂಡಳು.

ಹನ್ನೊಂದೂವರೆಗೆ ಹುಲ್ಲಿನ ಮೇಲೆ ಇರಾಜನೂ ರತ್ನಗಂಬಳಿಯೂ ಮಾತ್ರ ಉಳಿದಿದ್ದರು. ಏನೋ ಎಡವಟ್ಟಾಗಿದೆ ಎಂದು ಅವನಿಗೆ ಹೊಳೆಯಿತು. ಸರಿಯಾಗಿ ಅದೇ ಹೊತ್ತಿಗೆ ಮೂರನೇ ಮನೆಯ ಡ್ವೇನ್ ತನ್ನ ಪಿಕಪ್ಪು ಗಾಡಿ ನಿಲ್ಲಿಸಿ ಇಳಿದ. ಮರ ಕಡಿಯುವ ಕೆಲಸದಲ್ಲಿ ಮುದುಕನಾದವನು, ಬಾಗಿಲಿನಷ್ಟೇ ಅಗಲದ ಆಸಾಮಿ.

ಇರಾಜ್ ಹಲ್ಲು ಕಚ್ಚಿದ. ಇವನು ಹೊಗಳದಿದ್ದರೆ ಸಾಕು.

“ಅಬ್ಬಾ!” ಎಂದ ಡ್ವೇನ್. “ಏನು ಬಣ್ಣ ಕಣಯ್ಯಾ!”

ಹುಟ್ಟುಗುಣ ಸುಟ್ಟರೂ ಹೋಗದು. ಇರಾಜನ ನಾಲಿಗೆ ಅವನಿಗಿಂತ ಮೊದಲೇ ಎದ್ದು ನಿಂತಿತು. “ನಿಮ್ಮದೇ... ಅಂದ್ಕೊಳ್ಳಿ” ಎಂದ, ಆದಷ್ಟು ಸಣ್ಣ ದನಿಯಲ್ಲಿ.

“ಬೇಡಪ್ಪಾ, ಬೇಡ. ನನ್ನಂಥೋನಿಗೆ ಯಾಕೆ ಇಂಥದ್ದು?”

ಆಹಾ! ಬೇಡ ಎನ್ನಬಲ್ಲ ಒಬ್ಬ ಮನುಷ್ಯ ಈ ಊರಿನಲ್ಲಿದ್ದಾನೆ! ಇರಾಜನಿಗೆ ತವರಿನವರೇ ಸಿಕ್ಕಷ್ಟು ಖುಷಿಯಾಯಿತು. ಇಂಥ ಮರ್ಯಾದಸ್ಥನಿಗೆ ಮರ್ಯಾದೆ ತಪ್ಪಿಸುವುದು ಹೇಗೆ? “ಛೆ ಛೆ, ತಗೊಳ್ಳಲೇಬೇಕು!”

“ಬೇಡ ಕಣಯ್ಯಾ, ನಾಯಿ ಇದೆ ಮನೇಲಿ.”

ಎರಡು! ಇರಾಜ್ ಎದೆಗೆ ಕೈಯಿಟ್ಟು, ಹಾಡುವವನಂತೆ ಹೇಳಿದ: “ನನ್ನಾಣೆ ಡ್ವೇನ್! ನೀವು ಬೇಡ ಅಂದ್ರೆ ನನ್ನ ಮನಸ್ಸು ಮುರಿಯುತ್ತೆ!”

ಡ್ವೇನ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಆಣೆಗೀಣೆ ಎಲ್ಲಾ ಹಾಕ್ಬೇಡ ಮಾರಾಯ. ಇಷ್ಟು ಹೇಳ್ತೀಯ ಅಂದ್ಮೇಲೆ ಸರಿ. ನದಿ ಹತ್ರ ನಂದೊಂದು ಗುಡಿಸಲಿದೆ, ಮೀನು ಹಿಡಿಯೋಕೆ ಹೋದಾಗ ಮಲಗೋದು. ಅಲ್ಲಿಗೆ ಹಾಸ್ತೀನಿ.” ಗಂಬಳಿಯನ್ನು ಸುರುಳಿ ಸುತ್ತಿ, ಧೂಳಾಗದಿರಲೆಂದು ನೀಲಿ ಟಾರ್ಪಾಲಿನಲ್ಲಿ ಬಿಗಿದು, ಎರಡು ಕಡೆ ಹಗ್ಗ ಕಟ್ಟಿ, ಗಾಡಿಗೆ ಎಸೆದುಕೊಂಡು ಹೊರಟೇಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇರಾಜ್ ಬರಿಗಾಲಲ್ಲಿ ವರ್ನಾಳ ಮನೆಗೆ ಓಡಿದ. ನಾಲ್ಕು ಗಂಟೆಯ ವಿಮಾನ, ಶಹ್ಲಾಳ ಷರತ್ತು, ಹಡಗಿನ ವಾಸನೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ.

“ಅಯ್ಯೋ ದೇವರೇ! ಮತ್ತೆ ತಗೊಳ್ಳಿ ಅಂದಿದ್ದು ನೀವೇ ಅಲ್ವಾ?”

“ಅದು ಉಪಚಾರಕ್ಕೆ. ನಮ್ಮಲ್ಲಿ ಒಂದ್ಸಲ ಹೇಳಿದ್ದಕ್ಕೆ ಅರ್ಥ ಇಲ್ಲ, ಎರಡು ಸಲಕ್ಕೂ ಇಲ್ಲ. ಮೂರು ಸಲ ಹೇಳಿದ್ರೆ ಮಾತ್ರ ನಿಜ.”

“ಬೇಡ ಅನ್ನೋದೂ ಹಂಗೇನಾ?”

“ಅದೂ ಹಂಗೇ. ಮೂರನೇ ಬೇಡ ಬಂತು ಅಂದ್ರೆ ಅಲ್ಲಿಗೆ ಮುಗೀತು.”

ವರ್ನಾ ಬೆರಳು ಮಡಚಿ ಲೆಕ್ಕ ಹಾಕಿಕೊಂಡಳು. “ಮೂರು. ಅಷ್ಟೇ ತಾನೇ? ನಾನು ಬೀದಿಗೆಲ್ಲ ಹೇಳ್ತೀನಿ. ಪಾಪ, ನಿಮ್ಮ ಹೆಂಡ್ತಿ ಬಂದಾಗ ನಾವು ಮರ್ಯಾದೆ ತಪ್ಪಬಾರ್ದು. ನೀವು ವಿಮಾನದ ಹತ್ರ ಹೋಗಿ. ಸಾಮಾನೆಲ್ಲ ವಾಪಸ್ ತರ್ಸೋದು ನನ್ನ ಜವಾಬ್ದಾರಿ. ಮಂಜಲ್ಲಿ ಬಸ್ಸು ಓಡ್ಸಿದೋಳು ನಾನು, ಡ್ವೇನ್ ಎಲ್ಲಿದ್ರೂ ಹಿಡ್ಕೊಂಡು ಬರ್ತೀನಿ.”

“ಖಾನುಮ್, ಬೆಳಿಗ್ಗೆ ನಡೆದಿದ್ದು ಅವಳ ಕಿವಿಗೆ ಬೀಳೋದು ಬೇಡ.”

“ನಾನು ಬಾಯಿ ಬಿಡಲ್ಲ” ಎಂದು ವರ್ನಾ ಅವನೇ ಮಾಡಿದ ಹಲ್ಲುಗಳನ್ನು ಬಿಗಿಯಾಗಿ ಕಚ್ಚಿ ತೋರಿಸಿದಳು.

ವಿಮಾನ ಹೊತ್ತಿಗೆ ಸರಿಯಾಗಿ ಬಂತು. ಶಹ್ಲಾ ಸೊರಗಿದ್ದಳು. ಗಂಡನನ್ನು ಮೇಲಿನಿಂದ ಕೆಳಗೆ ನೋಡಿ, “ಮೊಟ್ಟೆ ಬಿಟ್ರೆ ಬೇರೇನೂ ತಿಂದಿಲ್ಲ ನೀವು” ಎಂದು ಅತ್ತಳು. ಇರಾಜನೂ ಅತ್ತ. ಕಾರಿನಲ್ಲಿ ಅವಳು ಕಿಟಕಿಯಾಚೆ ನೋಡಿ ಕೇಳಿದಳು: “ಆ ಬೆಟ್ಟದ ಮೇಲೆ ಅಷ್ಟು ದೊಡ್ಡ ಅಕ್ಷರ ಯಾಕೆ ಬರೆದಿದ್ದಾರೆ?”

“ಗೊತ್ತಿಲ್ಲ. ನಾನು ಬಂದಾಗ್ಲೇ ಇತ್ತು.”

“ಎಂಟು ತಿಂಗಳಾದ್ರೂ ಯಾರನ್ನೂ ಕೇಳ್ಲಿಲ್ವಾ?”

“ಕೇಳೋಕೆ ಯಾರೂ ಸಿಗ್ಲಿಲ್ಲ” ಎಂದ ಇರಾಜ್. ಅದು ಉಪಚಾರದ ಮಾತಾಗಿರಲಿಲ್ಲ. ಶಹ್ಲಾ ಅವನ ಕೈ ಹಿಡಿದುಕೊಂಡಳು.

ಮನೆಯ ಮುಂದೆ ಹುಲ್ಲು ಚೊಕ್ಕಟವಾಗಿತ್ತು. ಕಿಟಕಿಯೊಳಗೆ ಸಮೋವರ್ ಫಳಫಳ ಹೊಳೆಯುತ್ತಿತ್ತು, ಹಿತ್ತಾಳೆ ತಟ್ಟೆ ಗೋಡೆಗೆ ಒರಗಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ವರ್ನಾ ಶಹ್ಲಾಳನ್ನು ತಬ್ಬಿಕೊಂಡಳು. ಅವಳ ಹೆಗಲ ಮೇಲಿನಿಂದ ಇರಾಜನಿಗೆ ಸನ್ನೆ ಮಾಡಿದಳು: ಎಲ್ಲಾ ಬಂತು, ಒಂದು ಮಾತ್ರ ದಾರಿಯಲ್ಲಿದೆ.

ಇರಾಜ್ ಹೆಂಡತಿಯನ್ನು ಅಂಗಳದಲ್ಲೇ ನಿಲ್ಲಿಸಿಕೊಂಡ. ಬೆಟ್ಟ ತೋರಿಸಿದ. ಜಿಂಕೆ ತೋರಿಸಿದ. ತೋರಿಸಲು ಇನ್ನೇನೂ ಉಳಿಯದೆ ನಲ್ಲಿ ತಿರುಗಿಸಿ ನೀರು ತೋರಿಸಿದ. “ನೀರು ನಮ್ಮೂರಲ್ಲೂ ನೋಡಿದ್ದೀನಿ” ಎಂದು ಶಹ್ಲಾ ಬಾಗಿಲ ಕಡೆ ತಿರುಗುವಷ್ಟರಲ್ಲಿ ಡ್ವೇನನ ಗಾಡಿ ಬಂದು ನಿಂತಿತು. ಇರಾಜನ ಹೋದ ಜೀವ ಬಂದಂತಾಯಿತು.

ಡ್ವೇನ್ ನೀಲಿ ಟಾರ್ಪಾಲಿನ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಬಂದು, ಟೋಪಿ ತೆಗೆದು, ಬೆಳಿಗ್ಗೆ ಕಲಿತ ಮಾತನ್ನೇ ಭಕ್ತಿಯಿಂದ ಒಪ್ಪಿಸಿದ: “ಬನ್ನಿ ಅಮ್ಮಾ. ಇದು... ನಿಮ್ಮದೇ ಅಂದ್ಕೊಳ್ಳಿ.”

ಶಹ್ಲಾಳ ಮುಖ ಅರಳಿತು. ಭೂಮಿಯ ಆ ಕಡೆಯಿಂದ ಈ ಕಡೆಗೆ ಬಂದರೂ ಎಂಥ ನಾಗರಿಕ ಜನ! ಹೊಸಬಳಿಗೆ ಉಡುಗೊರೆ ತಂದಿದ್ದಾರೆ! “ಅಯ್ಯೋ, ಇದೆಲ್ಲ ಯಾಕೆ? ಖಂಡಿತ ಬೇಡ.”

ಡ್ವೇನ್ ವರ್ನಾಳ ಕಡೆ ನೋಡಿದ. ವರ್ನಾ ಒಂದು ಬೆರಳು ಎತ್ತಿದಳು.

“ತಗೋ ಶಹ್ಲಾ, ತಗೊಂಡ್ಬಿಡು” ಎಂದು ಇರಾಜ್ ತಮ್ಮ ಭಾಷೆಯಲ್ಲಿ ಪಿಸುಗುಟ್ಟಿದ.

“ಮೊದಲನೇ ಸಲಕ್ಕೇನಾ? ಎಂಟು ತಿಂಗಳಿಗೇ ಹಿಂಗಾಗಿಬಿಟ್ರಾ ನೀವು?”

“ತಗೊಳ್ಳಿ ಅಮ್ಮಾ, ನಿಮ್ಮದೇ” ಎಂದ ಡ್ವೇನ್.

“ಇಲ್ಲ ಇಲ್ಲ, ನೀವೇ ಇಟ್ಕೊಳ್ಳಿ. ನೀವು ಬಂದಿದ್ದೇ ನಮಗೆ ದೊಡ್ಡದು.”

ಎರಡನೇ ಬೆರಳು. ಇರಾಜ್ ಹೆಂಡತಿಯ ಪಕ್ಕೆಗೆ ಮೊಣಕೈಯಿಂದ ತಿವಿದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ತಿವಿತಕ್ಕೆ ಒಂದೇ ಅರ್ಥವಿತ್ತು: ಸಾಲದು, ಇನ್ನೊಂದು ಸಲ ಹೇಳು.

“ನಿಜವಾಗ್ಲೂ ನಿಮ್ಮದೇ ಕಣಮ್ಮಾ!” ಡ್ವೇನನ ದನಿಯಲ್ಲಿ ಕಳಕಳಿಯಿತ್ತು.

ಶಹ್ಲಾ ಎದೆಗೆ ಕೈಯಿಟ್ಟಳು. “ನನ್ನಾಣೆ, ಬೇಡ. ನೀವು ಮನೆಗೆ ತಗೊಂಡು ಹೋದ್ರೇನೇ ನನಗೆ ಸಂತೋಷ.”

ಮೂರನೇ ಬೆರಳು ಎದ್ದಿತು.

“ಹಂಗಾದ್ರೆ ಸರಿ” ಎಂದು ಡ್ವೇನ್ ಸುರುಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಗಾಡಿಯತ್ತ ತಿರುಗಿದ.

“ಡ್ವೇನ್! ಕೊಡಯ್ಯಾ ಅದನ್ನ!” ಇರಾಜ್ ಕೂಗಿದ. ಐವತ್ನಾಲ್ಕು ವರ್ಷದಲ್ಲಿ ಉಪಚಾರವಿಲ್ಲದೆ ಅವನು ಒಬ್ಬರನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಡ್ವೇನ್ ತಿರುಗಿ ಕಣ್ಣು ಮಿಟುಕಿಸಿದ. “ನಿಮ್ಮ ಪದ್ಧತಿ ಎಲ್ಲಾ ಗೊತ್ತಾಯ್ತು ಕಣಯ್ಯಾ. ನೀನು ಹೇಳಿದ್ದು ಒಂದ್ಸಲ, ಅವರು ಹೇಳಿದ್ದು ಮೂರು ಸಲ!”

ಇರಾಜ್ ಎರಡನೇ ಸಲಕ್ಕೆ ಬಾಯಿ ತೆರೆದ. ಶಹ್ಲಾ ಅಂಗೈಯಿಂದ ಅದನ್ನು ಮುಚ್ಚಿದಳು. “ನಾಚಿಕೆ ಆಗಲ್ವಾ? ಬಂದ ದಿನವೇ ನನ್ನ ಮಾನ ಕಳೀತೀರಾ?” ಗಾಡಿ ಬೀದಿ ತಿರುಗುವವರೆಗೂ ಅವಳು ಕೈ ತೆಗೆಯಲಿಲ್ಲ.

“ನೋಡಿದ್ರಾ? ಒಂದೇ ಒಂದು ತಪ್ಪು ಮಾಡ್ಲಿಲ್ಲ ನಾವು!” ಎಂದು, ಶಹ್ಲಾಳೇ ಮೂರು ಸಲ ಬೇಡವೆಂದ ಮೇಲೆ ಷರತ್ತೂ ಮುಗಿಯಿತೆಂದುಕೊಂಡ ವರ್ನಾ ಹೆಮ್ಮೆಯಿಂದ ಹಲ್ಲೆಲ್ಲ ತೋರಿಸಿ ನಕ್ಕು ತನ್ನ ಮನೆಗೆ ಹೊರಟಳು.

“ಎಷ್ಟು ಒಳ್ಳೇ ಜನ ಇರಾಜ್ ಜಾನ್. ಸುಮ್ಮನೆ ಹೆದರಿದ್ದೆ ನಾನು. ಇಲ್ಲಿ ಇರಬಹುದು” ಎಂದಳು ಶಹ್ಲಾ. ಮೆಟ್ಟಿಲು ಹತ್ತಿದಳು, ಚಪ್ಪಲಿ ಕಳಚಿದಳು, ಹೊಸ್ತಿಲ ಮುಂದೆ ಬಲಗಾಲು ಎತ್ತಿದವಳು ಹಾಗೇ ನಿಂತು, ಒಳಗಿನ ಬರಿ ನೆಲವನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿದಳು.

“ಅಮ್ಮನ ರತ್ನಗಂಬಳಿ ಎಲ್ಲಿ?”