ನನ್ನ ಕಿವಿಯೂ ಸ್ಟಾಫ್ ಮೀಟಿಂಗೂ

ಕಿವಿ ಕೇಳಿಸದವನನ್ನು ಕಂಡರೆ ಜನರಿಗೆ ಕನಿಕರ; ಸರಿಯಾಗಿ ಕೇಳಿಸುವವನ ಬಗ್ಗೆ ಯಾರಿಗೂ ಯೋಚನೆಯಿಲ್ಲ. ಆದರೆ ಅಗತ್ಯಕ್ಕಿಂತ ಹೆಚ್ಚು ಕೇಳಿಸಿಕೊಳ್ಳುವವನಿದ್ದರೆ ಮೀಟಿಂಗ್ ಕರೆಯುತ್ತಾರೆ. ಈ ಮೂರು ಅವಸ್ಥೆಗಳನ್ನೂ ಒಂದೇ ಜನ್ಮದಲ್ಲಿ ಕಂಡವನು ನಾನು.

ನಾನು ಗಣಿತದ ಮಾಷ್ಟ್ರು. ನೆಕ್ರಾಜೆಯಿಂದ ಬಸ್ಸಿನಲ್ಲಿ ಶಾಲೆಗೆ ಹೋಗಿ ಬರುವವನು. ಐವತ್ತು ದಾಟಿದ ಮೇಲೆ ಕಿವಿ ಮಂದವಾಯಿತು. ಅದರಿಂದ ಕೆಲವು ಅನುಕೂಲಗಳೂ ಇದ್ದವು. ಹೆಂಡತಿಯ ದೂರುಗಳಲ್ಲಿ ಅರ್ಧ ನನ್ನನ್ನು ತಲುಪುತ್ತಲೇ ಇರಲಿಲ್ಲ. ಅದಕ್ಕೇ ಇರಬೇಕು, ದುಬಾಯಿಯಲ್ಲಿರುವ ಅವಳ ತಮ್ಮನಿಗೆ ಹೇಳಿ ಒಂದು ಜೊತೆ ಹೊಸ ಶ್ರವಣಯಂತ್ರ ತರಿಸಿದಳು. ಅದು ಮೊಬೈಲಿಗೆ ಜೋಡಣೆಯಾಗುವಂಥದ್ದು. ಫೋನನ್ನು ಮಾತಾಡುವವರ ಹತ್ತಿರ ಇಟ್ಟರೆ ಅಲ್ಲಿನ ಮಾತು ನೇರ ನನ್ನ ಕಿವಿಗೆ ಬರುತ್ತದೆ. ರಜೆಯಲ್ಲಿ ಬಂದ ಭಾವಮೈದ ಎಲ್ಲವನ್ನೂ ಸರಿಮಾಡಿ ಕೊಟ್ಟು, "ಇನ್ನು ನಿಮಗೆ ಕೇಳದ್ದು ಎಂತದೂ ಇಲ್ಲ" ಎಂದ. ಎಚ್ಚರಿಕೆಯ ಮಾತನ್ನು ನಾನು ಆಶೀರ್ವಾದವೆಂದುಕೊಂಡೆ.

ಒಂದು ಮಧ್ಯಾಹ್ನ ಫೋನನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಚಾರ್ಜಿಗಿಟ್ಟು ವರಾಂಡದಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಳಗೆ ಜಮೀಲ ಟೀಚರ್ ನಮ್ಮ ಹೆಡ್ ಟೀಚರರ ಹತ್ತಿರ ಮೆಲ್ಲಗೆ ಮಾತಾಡುವುದು, ನನ್ನ ತಲೆಯೊಳಗೇ ಯಾರೋ ಕುಳಿತು ಹೇಳಿದಂತೆ ಕೇಳಿಸಿತು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಅವರು ಗರ್ಭಿಣಿ. ಹಿಂದೆ ಒಮ್ಮೆ ಕಳೆದುಕೊಂಡದ್ದರಿಂದ ಈ ಸಲ ಅತ್ತೆಗೂ ಹೇಳಿಲ್ಲವಂತೆ. ಎದ್ದು ಹೋಗಿ ಫೋನ್ ತೆಗೆಯಬೇಕು ಎಂದು ನನಗೆ ಹೊಳೆದದ್ದು ಮಾತು ಪೂರ್ತಿ ಮುಗಿದ ಮೇಲೆ.

ಅಲ್ಲಿಗೆ ನಿಂತಿದ್ದರೆ ಎಂತದೂ ಆಗುತ್ತಿರಲಿಲ್ಲ. ಮರುದಿನ ಅವರು ಮೆಟ್ಟಿಲು ಹತ್ತುವುದನ್ನು ಕಂಡು ನನ್ನೊಳಗಿನ ಅಣ್ಣ ಎಚ್ಚರಗೊಂಡ. "ಟೀಚರ್, ಇನ್ನು ನೀವು ಮಹಡಿ ಹತ್ತುವುದು ಬೇಡ, ಮೇಲಿನ ಕ್ಲಾಸು ನಾನು ತೆಗೆದುಕೊಳ್ಳುತ್ತೇನೆ" ಎಂದುಬಿಟ್ಟೆ. ಅವರು ಅಲ್ಲೇ ನಿಂತರು. ಮುಖದಲ್ಲಿ ಮೊದಲು ಹೆದರಿಕೆ ಬಂತು, ಆಮೇಲೆ ಸಿಟ್ಟು. ನನಗೆ ಎಲ್ಲವನ್ನೂ ಹೇಳದೆ ಬೇರೆ ದಾರಿ ಉಳಿಯಲಿಲ್ಲ.

ವಿಷಯ ಮೀಟಿಂಗಿಗೆ ಬಂತು. ಗುಟ್ಟು ಏನೆಂದು ಹೆಡ್ ಟೀಚರ್ ಬಾಯಿಬಿಡಲಿಲ್ಲ, ಯಂತ್ರದ ವಿಚಾರ ಮಾತ್ರ ಇಟ್ಟರು. ನನ್ನ ಕಿವಿಯ ಬಗ್ಗೆ ಊರವರೆಲ್ಲ ಸೇರಿ ತೀರ್ಮಾನಿಸುವುದು ಯಾವ ನ್ಯಾಯ ಎಂದು ನಾನು ಕೇಳಿದೆ.

"ಕಿವಿ ನಿಮ್ಮದೇ ಮಾಷ್ಟ್ರೇ, ಮಾತು ನಮ್ಮದಲ್ವಾ?" ಎಂದರು ಹೆಡ್ ಟೀಚರ್.

ಕನ್ನಡಕಕ್ಕೆ ಇಲ್ಲದ ಕಾನೂನು ಇದಕ್ಕೆ ಯಾಕೆ ಎಂದೆ. ಜಮೀಲ ಟೀಚರ್ ತಲೆಯೆತ್ತಿ, "ಕನ್ನಡಕ ಹಾಕಿದವರಿಗೆ ಗೋಡೆಯ ಆಚೆ ಕಾಣುವುದಿಲ್ಲ" ಎಂದರು. ಮೂವತ್ತು ವರ್ಷ ಪ್ರಮೇಯ ಸಾಧಿಸಿದ ನಾನು ಮನಸ್ಸಿನಲ್ಲೇ ಇದಕ್ಕೆ ಪೂರ್ತಿ ಮಾರ್ಕು ಕೊಟ್ಟೆ. ಡ್ರಾಯಿಂಗಿನ ಕೃಷ್ಣಪ್ಪ ಮಾಷ್ಟ್ರು, ನಾಳೆ ಮಕ್ಕಳೂ ಇಂಥದ್ದನ್ನು ಸಿಕ್ಕಿಸಿಕೊಂಡು ಪರೀಕ್ಷೆಗೆ ಬಂದರೆ ಎಂತ ಗತಿ, ಸ್ಟಾಫ್ ರೂಮಿನೊಳಗೆ ಯಂತ್ರವೇ ಬೇಡ ಎಂದು ವಾದಿಸಿದರು. ಅದನ್ನು ವಿರೋಧಿಸಿದವರು ಜಮೀಲ ಟೀಚರೇ. ಕಿವಿ ಕೇಳದವರಿಗೆ ಅದನ್ನು ತೆಗೆದಿಡಿ ಎನ್ನುವುದು ಸರಿಯಲ್ಲ, ಫೋನ್ ಅವರ ಕಿಸೆಯಲ್ಲೇ ಇದ್ದರೆ ಸಾಕು ಎಂದರು. ನನ್ನಿಂದ ನೊಂದವರೇ ನನ್ನ ಪರವಾಗಿ ನಿಂತದ್ದನ್ನು ಕಂಡು ನಾನು ಎದ್ದು ಕೈ ಮುಗಿದೆ.

ಆ ಭರದಲ್ಲಿ ನನಗೂ ಸ್ವಲ್ಪ ದೊಡ್ಡತನ ತೋರಿಸಬೇಕೆನಿಸಿತು. ಎಲ್ಲರೂ ಸಂಕೋಚವಿಲ್ಲದೆ ಮಾತಾಡಲಿ ಎಂದು ಎರಡೂ ಯಂತ್ರಗಳನ್ನು ಬಿಚ್ಚಿ ಕಿಸೆಗೆ ಹಾಕಿದೆ. ಲೋಕ ಮೌನವಾಯಿತು. ತುಟಿಗಳು ಆಡಿದವು, ತಲೆಗಳು ಅಲ್ಲಾಡಿದವು. ಕೊನೆಗೆ ಹೆಡ್ ಟೀಚರ್ ಎದ್ದು ಏನೋ ಕೇಳಿದರು, ಸುಮಾರು ಜನ ಕೈ ಎತ್ತಿದರು. ಮೀಟಿಂಗ್ ಮುಗಿಯುವಾಗ ಚಹಾ ಯಾರಿಗೆಲ್ಲ ಬೇಕು ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ನಾನೂ ಕೈ ಎತ್ತಿದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ಚಪ್ಪಾಳೆ ತಟ್ಟಿದರು. ಕೃಷ್ಣಪ್ಪ ಮಾಷ್ಟ್ರು ಬಂದು ನನ್ನ ಕೈ ಹಿಡಿದರು. ಜಮೀಲ ಟೀಚರ್ ಕಣ್ಣೊರೆಸಿಕೊಂಡು ನಕ್ಕರು; ಮೆಟ್ಟಿಲಿನ ಘಟನೆಯ ಮೇಲೆ ಅವರು ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು. ಯಂತ್ರ ಸಿಕ್ಕಿಸಿಕೊಂಡ ಮೇಲೆ ಗೊತ್ತಾಯಿತು: ಸ್ಟಾಫ್ ರೂಮಿನಲ್ಲಿ ಯಂತ್ರವೇ ಬೇಡ ಎಂಬ ನಿರ್ಣಯ ಒಂದೇ ಒಂದು ಮತದಿಂದ ಗೆದ್ದಿತ್ತು, ಆ ಮತ ನನ್ನದು.

ಸಹೋದ್ಯೋಗಿಗಳ ನೆಮ್ಮದಿಗಾಗಿ ತನ್ನ ಕಿವಿಯನ್ನೇ ಬಿಟ್ಟುಕೊಟ್ಟವನು ಎಂಬ ಹೆಸರು ಬಂದ ಮೇಲೆ, ನಾನು ಚಹಾಕ್ಕೆ ಕೈ ಎತ್ತಿದ್ದು ಎಂದು ಹೇಳುವುದು ಹೇಗೆ? ಹೇಳಲಿಲ್ಲ. ಇವತ್ತಿಗೂ ಆ ಕೋಣೆಯಲ್ಲಿ ನಾನು ತ್ಯಾಗಿಯ ಮುಖ ಹೊತ್ತು, ಏನೂ ಕೇಳಿಸದೆ ಕುಳಿತಿರುತ್ತೇನೆ. ಅಂದಹಾಗೆ, ಆ ದಿನ ಚಹಾ ಬರಲೇ ಇಲ್ಲ.